ಸೈಕಲ್ಲಿನ ಶರ್ಯತ್ತೂ ನಮ್ಮ ಐದು ತಾಲೂಕುಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಯಾವ ಹಾದಿಯಲ್ಲಿ ಬೆಳಗಿನ ಎಂಟೂವರೆ ಗಂಟೆಗೆ ನಿಂತು ನೋಡಿದರೂ ಬೆನ್ನಿಗೆ ಪಾಟೀಚೀಲ ಏರಿಸಿಕೊಂಡು ಸೈಕಲ್ಲು ತುಳಿಯುತ್ತ ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರು ಕಣ್ಣಿಗೆ ಬೀಳುವರು. ಅವರಲ್ಲಿ ಕೆಲವರು ಎರಡು ಮೈಲು ತುಳಿಯುವರು, ಕೆಲವರು ಆರು ಮೈಲು. ಎದುರುಗಾಳಿಯಿರಲಿ, ಏರು ಇರಲಿ, ಗಂಟೆ ಬಾರಿಸುವದರೊಳಗೆ ಶಾಲೆಯ ಬಾಗಿಲು ಸೇರಲೇಬೇಕು. ಸಂಜೆಗೆ ಅದೇ ದಾರಿ ಮರಳಿ ತುಳಿಯಬೇಕು. ಇದನ್ನು ಯಾರೂ ವ್ಯಾಯಾಮವೆಂದು ಕರೆಯುವದಿಲ್ಲ, ಆಟವೆಂದಂತೂ ಕರೆಯುವದೇ ಇಲ್ಲ. ಬಡತನವೆಂದು ಕರೆಯುವರು. ಬಸ್ಸಿಗೆ ಕಾಸಿಲ್ಲದವನು, ಮನೆಯಲ್ಲಿ ಮೋಟಾರುಬೈಕು ಇಲ್ಲದವನು ಸೈಕಲ್ಲು ತುಳಿಯುವನು ಎಂಬುದೇ ಊರವರ ಭಾವನೆ.

ಆದರೆ ಜಗತ್ತಿನ ಮೂರನೆಯ ಒಂದು ಭಾಗವೇ ನಿಂತು ನೋಡುವಂಥ ಒಂದು ಮಹಾ ಆಟಕ್ಕೆ ಬೇಕಾದ ಮೊದಲ ಪಾಠವು ಇದೇ ದಾರಿಯಲ್ಲಿ, ಇದೇ ಮಕ್ಕಳ ಕಾಲುಗಳಲ್ಲಿ ದಿನಾಲು ನಡೆಯುತ್ತಿದೆ ಎಂದರೆ ನಮ್ಮ ವಾಚಕರು ನಗಬಾರದು. ಹೀಗೆ ಹೇಳುವದರಲ್ಲಿ ಸ್ವಲ್ಪ ಅತಿಶಯೋಕ್ತಿ ಇದ್ದರೆ ಅದು ಜನಸಂಖ್ಯೆಯ ಲೆಕ್ಕದಲ್ಲಿ ಮಾತ್ರ. ಕಾಲುಗಳ ಲೆಕ್ಕದಲ್ಲಿ ಇಲ್ಲ. ದಾರಿಯ ಮೇಲಿನ ಸೈಕಲ್ ಶರ್ಯತ್ತು ಎಂಬುದು ನಮ್ಮ ನಾಡಿಗೆ ಹೊಸತಲ್ಲವಾದರೂ, ಈ ಐದು ತಾಲೂಕುಗಳಲ್ಲಿ ಅದನ್ನು ಗಂಭೀರವಾಗಿ ಎಣಿಸಿದವರು ವಿರಳ. ಏತಕ್ಕೆ ಎಣಿಸಬೇಕು, ಹೇಗೆ ಎಣಿಸಬೇಕು ಎಂಬುದನ್ನು ಈ ವಾರ ಕೊಂಚ ವಿಸ್ತಾರವಾಗಿಯೇ ವಿಚಾರಿಸುವೆವು. ಶಿಕ್ಷಕ ಬಂಧುಗಳು ವಿಶೇಷವಾಗಿ ಕಿವಿಗೊಡಬೇಕೆಂದು ಪ್ರಾರ್ಥನೆ, ಏಕೆಂದರೆ ಕೊನೆಗೆ ಕೆಲಸವು ಅವರ ಮೇಲೆಯೇ ಬೀಳತಕ್ಕದ್ದಾಗಿದೆ.

ಮೊದಲು ಈ ಶರ್ಯತ್ತಿನ ಸ್ವರೂಪವನ್ನು ತಿಳಿಯಬೇಕು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಒಬ್ಬೊಬ್ಬನನ್ನೇ ನಿಮಿಷ ನಿಮಿಷದ ಅಂತರದಲ್ಲಿ ಬಿಟ್ಟು, ಗೊತ್ತಾದ ದೂರವನ್ನು ಯಾರು ಕಡಿಮೆ ವೇಳೆಯಲ್ಲಿ ಮುಗಿಸಿದರೆಂದು ಗಡಿಯಾರ ಹಿಡಿದು ನೋಡುವರು. ಇಲ್ಲಿ ಯಾವ ಮೋಸವೂ ನಡೆಯದು. ಗಾಳಿ, ದಾರಿ, ತನ್ನ ಎದೆಯ ಉಸಿರು ಈ ಮೂರೇ ಎದುರಾಳಿಗಳು. ಇನ್ನೊಂದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವರು. ನೂರು ಜನ, ನೂರೈವತ್ತು ಜನ ಒಂದೇ ಗುಂಪಾಗಿ ಮೂವತ್ತು ಮೈಲು, ಅರುವತ್ತು ಮೈಲು, ನೂರು ಮೈಲು ಸಾಗಿ, ಯಾರ ಮುಂದಿನ ಗಾಲಿ ಮೊದಲು ಗೆರೆ ದಾಟುವದೋ ಅವನೇ ಗೆದ್ದವನು. ನೋಡುವವರಿಗೆ ಈ ಎರಡನೆಯದು ಬರಿಯ ಗದ್ದಲದಂತೆ ತೋರುವದು. ವಾಸ್ತವವಾಗಿ ಚದುರಂಗದ ಆಟದಷ್ಟು ಬುದ್ಧಿಯನ್ನು ಅದು ಬೇಡುವದು.

ಕಾರಣವಿಷ್ಟೇ. ಸಪಾಟಾದ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸಾಗುವ ಸವಾರನ ಶಕ್ತಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಗಾಳಿಯನ್ನು ಸೀಳುವದಕ್ಕೇ ವೆಚ್ಚವಾಗುವದು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವದು. ಆ ತಡೆಯನ್ನು ಗೆದ್ದು ಸಾಗಲು ಬೇಕಾಗುವ ಶಕ್ತಿಯಂತೂ ಎಂಟುಮಡಿ. ಆದುದರಿಂದ ಎಷ್ಟು ಬಲಶಾಲಿಯಾದರೂ ಒಂಟಿಯಾಗಿ ಬಹಳ ದೂರ ಓಡಲಾರನು. ಆದರೆ ಮುಂದಿನವನ ಹಿಂದಿನ ಗಾಲಿಗೆ ಒಂದು ಮೊಳದೊಳಗೆ ತನ್ನ ಮುಂದಿನ ಗಾಲಿಯನ್ನು ಇರಿಸಿಕೊಂಡು ಬಂದರೆ, ಅವನ ಮೈ ಗಾಳಿಗೆ ಮರೆಯಾಗಿ, ಹಿಂದಿನವನ ಶ್ರಮದಲ್ಲಿ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಉಳಿತಾಯವಾಗುವದು. ಹೀಗಾಗಿ ಎದುರಾಳಿಗಳೇ ಸ್ನೇಹಿತರಂತೆ ಸರದಿಯ ಮೇಲೆ ಮುಂದೆ ಬಂದು ಗಾಳಿಯನ್ನು ಹೊರುವರು, ಸರದಿ ತೀರಿದ ಮೇಲೆ ಪಕ್ಕಕ್ಕೆ ಸರಿದು ಸಾಲಿನ ಹಿಂದೆ ಸೇರುವರು. ಸರದಿಯನ್ನು ತಪ್ಪಿಸಿ ಪರರ ಬೆನ್ನ ಹಿಂದೆಯೇ ಅಡಗಿ ಬಂದು ಕೊನೆಯಲ್ಲಿ ಮುನ್ನುಗ್ಗುವವನೂ ಉಂಟು; ಅವನು ಗೆಲ್ಲಬಹುದು, ಆದರೆ ಮುಂದಿನ ಶರ್ಯತ್ತಿನಲ್ಲಿ ಅವನನ್ನು ಯಾರೂ ನಂಬರು. ಶಾಲೆಯ ನೀತಿಪಾಠದ ಪುಸ್ತಕಗಳಲ್ಲಿ ಇಷ್ಟು ನೇರವಾಗಿ ಹೇಳಿದ ಪಾಠವನ್ನು ನಾವು ಕಂಡಿಲ್ಲ.

ಇನ್ನು ಅಡ್ಡಗಾಳಿಯ ಮಾತು. ಗಾಳಿ ಎದುರಿನಿಂದ ಬರದೆ ಮಗ್ಗುಲಿನಿಂದ ಬಂದರೆ ನೇರ ಬೆನ್ನ ಹಿಂದೆ ಮರೆ ದೊರೆಯುವದಿಲ್ಲ, ಓರೆಯಾಗಿ ನಿಲ್ಲಬೇಕು. ಆಗ ಸವಾರರ ಸಾಲು ದಾರಿಯ ಅಡ್ಡಗಲಕ್ಕೆ ಓರೆಯಾಗಿ ಚಾಚಿಕೊಳ್ಳುವದು. ದಾರಿಯ ಅಗಲವಾದರೋ ಹತ್ತು ಹನ್ನೆರಡು ಜನಕ್ಕೆ ಮಾತ್ರ ಸಾಲುವದು. ಹದಿಮೂರನೆಯವನು ಅಂಚಿಗೆ ತಳ್ಳಲ್ಪಟ್ಟು, ಮರೆಯಿಲ್ಲದೆ ಒಬ್ಬನೇ ಒದ್ದಾಡಿ ಹಿಂದೆ ಉಳಿಯುವನು; ಅವನ ಹಿಂದಿನವರೆಲ್ಲ ಅವನೊಂದಿಗೇ ಕೆಡುವರು. ಬೆಲ್ಜಿಯಂ, ಹಾಲಂಡ್ ದೇಶಗಳ ಬಯಲಿನಲ್ಲಿ ಹುಟ್ಟಿದ ಸವಾರರು ಈ ವಿದ್ಯೆಯಲ್ಲಿ ನುರಿತವರು, ಏಕೆಂದರೆ ಅಲ್ಲಿ ಕಡಲ ಗಾಳಿಗೆ ತಡೆಯಿಲ್ಲ. ನಮ್ಮಲ್ಲಿ ಆಷಾಢಮಾಸದ ಗಾಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹರಪನಹಳ್ಳಿಯಿಂದ ಹಡಗಲಿಯ ಕಡೆಗೆ ಬಡಗಮುಖವಾಗಿ ಹೊರಟವನಿಗೆ ಪಡುವಣ ಗಾಳಿಯು ಎಡಗೆನ್ನೆಗೆ ಹೊಡೆಯುತ್ತಲೇ ಇರುವದು. ಮರಗಳಿಲ್ಲದ ಹೊಲಗಳ ನಡುವೆ ಸೈಕಲ್ಲು ತಾನಾಗಿಯೇ ಬಲಕ್ಕೆ ಸರಿಯುವದು. ಶಾಲೆಗೆ ಹೋಗುವ ನಮ್ಮ ಹುಡುಗರು ಇಬ್ಬರು ಮೂವರು ಜೊತೆಯಾಗಿ ಹೋಗುವಾಗ ಗಾಳಿಯ ಕಡೆಗೆ ದೊಡ್ಡವನನ್ನು ಬಿಟ್ಟು ಚಿಕ್ಕವನು ಅವನ ಮಗ್ಗುಲಿಗೆ ತುಸು ಹಿಂದೆ ತುಳಿಯುವದನ್ನು ಯಾರು ಕಲಿಸಿದರು? ಗಾಳಿಯೇ ಕಲಿಸಿತು. ಬೆಲ್ಜಿಯಮ್ಮಿನವರಿಗೂ ಅದೇ ಗುರು.

ಇಂಥ ಹುಡುಗರಿಂದಲೇ ಜಗತ್ತಿನ ಹಿರಿಯ ಸವಾರರು ಹುಟ್ಟಿಬಂದಿರುವರೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟು. ಫ್ರಾನ್ಸ್ ದೇಶವನ್ನು ಸುತ್ತುವ ಮಹಾಶರ್ಯತ್ತು 1903ರಲ್ಲಿ ಮೊದಲು ನಡೆದಾಗ ಗೆದ್ದವನು ಮೊರೀಸ್ ಗಾರೆನ್. ಎಳವೆಯಲ್ಲಿ ಹೊಗೆಗೂಡುಗಳ ಮಸಿಯನ್ನು ಬಳಿಯುವ ಕೆಲಸ ಮಾಡಿದವನು. (ಆ ಶರ್ಯತ್ತನ್ನು ಹುಟ್ಟಿಸಿದ್ದು ಒಂದು ವೃತ್ತಪತ್ರಿಕೆ, ಅದೂ ತನ್ನ ಪ್ರತಿಗಳ ಮಾರಾಟವನ್ನು ಹೆಚ್ಚಿಸಿಕೊಳ್ಳುವ ಉಪಾಯವಾಗಿ, ಮಾರಾಟ ಇಮ್ಮಡಿಯನ್ನೂ ಮೀರಿತಂತೆ. ಪತ್ರಿಕೆಯವರಾದ ನಮಗೆ ಇದನ್ನು ಓದಿ ಹೊಟ್ಟೆಕಿಚ್ಚಾಗದೆ ಇಲ್ಲ.) 1949ರಲ್ಲಿಯೂ 1952ರಲ್ಲಿಯೂ ಅದೇ ಶರ್ಯತ್ತನ್ನು ಗೆದ್ದ ಇಟಲಿಯ ಫಾಸ್ಟೋ ಕೊಪ್ಪಿಯು ಹುಡುಗನಾಗಿದ್ದಾಗ ಮಾಂಸದ ಅಂಗಡಿಯ ಗಂಟುಗಳನ್ನು ಸೈಕಲ್ಲಿನ ಮೇಲೆ ಮನೆ ಮನೆಗೆ ಮುಟ್ಟಿಸುತ್ತಿದ್ದನು. ದಕ್ಷಿಣ ಅಮೇರಿಕದ ಕೊಲಂಬಿಯಾ ದೇಶದ ನಾಯಿರೋ ಕಿಂತಾನಾ ಎಂಬವನು ಬೆಟ್ಟದ ಮೇಲಿನ ಒಕ್ಕಲಿಗರ ಮನೆಯ ಮಗ. ಶಾಲೆಯು 16 ಕಿಲೋಮೀಟರು ದೂರ. ಬಸ್ಸಿನ ಖರ್ಚು ತಾಳಲಾರದೆ ತಂದೆಯು ಒಂದು ಹಳೆಯ ಸೈಕಲ್ಲನ್ನು ಕೊಡಿಸಿದನು. ಆ ಹುಡುಗನು 2014ರಲ್ಲಿ ಇಟಲಿಯ ಮಹಾಶರ್ಯತ್ತನ್ನೂ 2016ರಲ್ಲಿ ಸ್ಪೇನಿನದನ್ನೂ ಗೆದ್ದನು. ಆಫ್ರಿಕದ ಎರಿಟ್ರಿಯಾ ಎಂಬ ಚಿಕ್ಕ, ಬಡ ದೇಶದ ಬಿನಿಯಮ್ ಗಿರ್ಮಾಯ್ 2024ರ ಫ್ರಾನ್ಸಿನ ಮಹಾಶರ್ಯತ್ತಿನಲ್ಲಿ ಮೂರು ದಿನಗಳ ಗೆಲುವನ್ನೂ ಹಸಿರು ಅಂಗಿಯನ್ನೂ ಸಂಪಾದಿಸಿದನು. ಎರಿಟ್ರಿಯಾಕ್ಕೆ ಸೈಕಲ್ಲನ್ನು ತಂದವರು ಅದನ್ನು ಆಳಿದ ಇಟಲಿಯವರು. ಆಳಿದವರ ಆಟವನ್ನು ಆಳಿಸಿಕೊಂಡವರು ಕೈವಶಮಾಡಿಕೊಂಡ ಕಥೆ ನಮಗೆ ಹೊಸದಲ್ಲ. ಹಾಕಿ, ಕ್ರಿಕೆಟ್ಟುಗಳಲ್ಲಿ ನಾವೂ ಮಾಡಿದ್ದೇವೆ. ಸೈಕಲ್ಲಿನಲ್ಲಿ ಮಾತ್ರ ಮಾಡಿಲ್ಲ.

ಮಾಡಿಲ್ಲವೆಂಬುದಕ್ಕೆ ಲೆಕ್ಕ ಸ್ಪಷ್ಟವಾಗಿದೆ. ಭಾರತದ ಸವಾರರು ಒಲಿಂಪಿಕ್ ಕೂಟದಲ್ಲಿ ಮೊದಲು ಇಳಿದದ್ದು 1948ರಲ್ಲಿ, ಲಂಡನ್ನಿನಲ್ಲಿ. ಆ ತಂಡದಲ್ಲಿ ಹೆಚ್ಚಿನವರು ಮುಂಬಯಿಯ ಪಾರಸಿ ತರುಣರು. ಆಮೇಲೆ 1952ರಲ್ಲಿ, 1964ರಲ್ಲಿ ಹೋದರು. ಅಲ್ಲಿಂದ 2024ರ ಪ್ಯಾರಿಸ್ ಕೂಟದವರೆಗೆ ಅರುವತ್ತು ವರುಷ ಒಬ್ಬ ಭಾರತೀಯನೂ ಸೈಕಲ್ಲಿನ ಮೇಲೆ ಕುಳಿತು ಆ ಕೂಟದ ಗೆರೆಯ ಮೇಲೆ ನಿಂತಿಲ್ಲ. ಜಗತ್ತಿನಲ್ಲಿಯೇ ಅತಿ ಹೆಚ್ಚು ಸೈಕಲ್ಲುಗಳನ್ನು ತಯಾರಿಸುವ ದೇಶಗಳಲ್ಲಿ ನಮ್ಮದೊಂದು!

ಆದರೆ ಭಾರತದೊಳಗೆ ಕರ್ನಾಟಕದ ಸ್ಥಾನವು ಹೀನವಾದುದಲ್ಲ; ಹೇಳಿಕೊಳ್ಳುವಂಥದೇ ಇದೆ. ರಾಷ್ಟ್ರಮಟ್ಟದ ದಾರಿ ಶರ್ಯತ್ತುಗಳಲ್ಲಿ ಕರ್ನಾಟಕದ ತಂಡವೆಂದರೆ ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ಎಂದೇ ಅರ್ಥ. ವಿಜಯಪುರವನ್ನು ಸೈಕಲ್ ಪಟುಗಳ ಕಣಜವೆಂದು ಕರೆಯುವ ರೂಢಿ ಬಿದ್ದಿದೆ. ಇದು ಹೇಗಾಯಿತು? ಅಲ್ಲಿಯ ನೀರಿನ ಗುಣವೇ, ಜೋಳದ ರೊಟ್ಟಿಯ ಗುಣವೇ? ರೊಟ್ಟಿಯೂ ಗಾಳಿಯೂ ನಮ್ಮಲ್ಲಿಯೂ ಇವೆ. ಜಾತ್ರೆಗಳಲ್ಲಿ ಕುಸ್ತಿ, ಬಂಡಿಗಳ ಶರ್ಯತ್ತುಗಳ ಜೊತೆಗೆ ಸೈಕಲ್ ಶರ್ಯತ್ತನ್ನೂ ಇಡುವ ಪದ್ಧತಿ ಅಲ್ಲಿ ಬೆಳೆಯಿತು. ಸರಕಾರದ ಯುವಜನ ಮತ್ತು ಕ್ರೀಡಾ ಇಲಾಖೆಯು ಸೈಕಲ್ಲಿಗೆಂದೇ ಕ್ರೀಡಾ ವಸತಿಗೃಹಗಳನ್ನು ನಡೆಸಿತು. ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯಂಥ ಸಂಸ್ಥೆ ಹಳ್ಳಿಯ ಮಕ್ಕಳನ್ನು ಹಿಡಿದು ತಿದ್ದಿತು. ಒಂದು ಪೀಳಿಗೆಯ ಸವಾರರು ಮುಂದಿನ ಪೀಳಿಗೆಗೆ ಗುರುಗಳಾದರು. ಬೆಳಿಗ್ಗೆ ಐದಕ್ಕೆ ಎದ್ದು ಅಣ್ಣನು ಹೊರಟರೆ ತಮ್ಮನು ಹಿಂದೆ ಹೊರಡುವನು, ಅಕ್ಕನು ಪದಕ ತಂದರೆ ತಂಗಿಗೆ ಮನೆಯಲ್ಲಿ ಅಡ್ಡಿಯಿಲ್ಲ. ಹುಡುಗಿಯರ ವಿಷಯದಲ್ಲಿ ಈ ಜಿಲ್ಲೆಗಳು ಮಾಡಿದ ಕೆಲಸವನ್ನು ಎಷ್ಟು ಕೊಂಡಾಡಿದರೂ ಸಾಲದು. ಹದಿನಾಲ್ಕು ವರುಷದ ಮಗಳನ್ನು ಚಡ್ಡಿ ತೊಡಿಸಿ ಹೆದ್ದಾರಿಗೆ ಕಳಿಸುವದು ಒಕ್ಕಲಿಗನ ಮನೆಯಲ್ಲಿ ಸಣ್ಣ ಮಾತೇ? ಅಲ್ಲಿಯ ತಾಯಂದಿರು ಕಳಿಸಿದರು. ಆ ಹುಡುಗಿಯರಲ್ಲಿ ಕೆಲವರು ಏಷ್ಯದ ಕೂಟಗಳವರೆಗೆ ಹೋಗಿಬಂದರು. ಎಷ್ಟೋ ಜನರಿಗೆ ರೇಲ್ವೆಯಲ್ಲಿ ನೌಕರಿ ದೊರೆತು ಮನೆಯ ಸಾಲ ತೀರಿತು. ನೌಕರಿ ಹಿಡಿದ ಮೇಲೆ ಅವರು ರೇಲ್ವೆಯ ಪರವಾಗಿ ಓಡಿಸುವದರಿಂದ ಕರ್ನಾಟಕದ ಪದಕಪಟ್ಟಿಯಲ್ಲಿ ಅವರ ಹೆಸರು ಕಾಣಿಸುವದಿಲ್ಲ. ಅದಕ್ಕೆ ನಾವು ಕೊರಗಬೇಕಾದ್ದಿಲ್ಲ. ಮಕ್ಕಳು ಉಂಡರೆ ಸಾಕು.

ನಗರದ ಕಡೆಯಿಂದ ಬಂದ ಉದಾಹರಣೆಯೂ ಉಂಟು. ಬೆಂಗಳೂರಿನ ನವೀನ್ ಜಾನ್ ಎಂಬ ಎಂಜಿನಿಯರನು ಅಮೇರಿಕದಲ್ಲಿ ವಿದ್ಯಾಭ್ಯಾಸ ಮಾಡುವಾಗ, ಕಾಲೇಜಿನ ದಿನಗಳಲ್ಲಿ, ಹವ್ಯಾಸಕ್ಕೆಂದು ಸೈಕಲ್ಲು ಹತ್ತಿದವನು. ಮರಳಿ ಬಂದು ರಾಷ್ಟ್ರದ ಚಾಂಪಿಯನ್ನನಾದನು. 2016ರಲ್ಲಿ ಆಸ್ಟ್ರೇಲಿಯದ ಒಂದು ತಂಡದಲ್ಲಿ ಸ್ಥಾನ ಪಡೆದನು. ಅದೇ ವರುಷ ದೋಹಾದಲ್ಲಿ ನಡೆದ ವಿಶ್ವಶರ್ಯತ್ತಿನಲ್ಲಿ ಗಡಿಯಾರದೊಡನೆ ಸೆಣಸಿದನು. ಇವನ ಕಥೆಯಲ್ಲಿ ನಮಗೆ ಬೇಕಾದ ಅಂಶವಿಷ್ಟು: ವಿದ್ಯೆಗೂ ಈ ಆಟಕ್ಕೂ ವೈರವಿಲ್ಲ. ತನ್ನ ಕಾಲಿನ ಶಕ್ತಿಯನ್ನು ಅಳೆದು, ಲೆಕ್ಕವಿಟ್ಟು, ವಾರಗಳ ತಾಲೀಮನ್ನು ಕೋಷ್ಟಕ ಮಾಡಿ ನಡೆಸುವದು ಓದುಬರಹ ಬಲ್ಲವನಿಗೇ ಸುಲಭ. ‘ಸೈಕಲ್ಲು ಹಿಡಿದರೆ ಹುಡುಗ ಓದು ಬಿಟ್ಟಾನು’ ಎಂಬ ಪಾಲಕರ ಭಯಕ್ಕೆ ಇದು ಉತ್ತರವಾಗಬೇಕು.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1948ರಲ್ಲಿ ಭಾರತದ ಸವಾರರು ಲಂಡನ್ನಿಗೆ ಹೋದಾಗ, ವಿಜಯಪುರದ ಒಬ್ಬ ತರುಣನು ಅಂಥ ಕೂಟಕ್ಕೆ ಆಯ್ಕೆಯ ಕಣಕ್ಕೆ ಇಳಿದಿದ್ದರೆ ಅವನು ಮುಂಬಯಿ ಪ್ರಾಂತದವನು, ಕೂಡ್ಲಿಗಿಯವನು ಇಳಿದಿದ್ದರೆ ಮದರಾಸಿನವನು, ಬೆಂಗಳೂರಿನವನು ಮೈಸೂರಿನವನು. ಮೂವರೂ ಮನೆಯಲ್ಲಿ ಒಂದೇ ನುಡಿಯಾಡಿ ಮೂರು ಬಣ್ಣದ ಅಂಗಿ ತೊಡಬೇಕಾಗಿತ್ತು. 1953ರ ಅಕ್ಟೋಬರ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರನ್ನು ಕೂಡಿದವು. 1956ರ ನವಂಬರ 1ರಂದು ಉಳಿದ ಭಾಗಗಳೂ ಕೂಡಿದವು. ಇಂದು ‘ಕರ್ನಾಟಕ’ ಎಂಬ ಅಕ್ಷರಗಳನ್ನು ಎದೆಯ ಮೇಲೆ ಹೊತ್ತು ಒಂದೇ ಸಾಲಿನಲ್ಲಿ ಸರದಿಯ ಮೇಲೆ ಗಾಳಿ ಹೊರುವ ಸಿಂದಗಿಯ ಹುಡುಗನೂ ಮೈಸೂರಿನ ಹುಡುಗನೂ ಆ ಕೂಡುವಿಕೆಯ ಫಲವನ್ನು ಬಲ್ಲರೋ ಇಲ್ಲವೋ, ಉಣ್ಣುತ್ತಿರುವದಂತೂ ನಿಜ. ಆ ಸಾಲಿನಲ್ಲಿ ನಮ್ಮ ಐದು ತಾಲೂಕುಗಳ ಹುಡುಗನೆಲ್ಲಿ ಎಂಬುದೇ ನಮ್ಮ ಪ್ರಶ್ನೆ.

ಈ ತಾಲೂಕುಗಳ ಹಣೆಬರಹವೇ ಹಾಗೆ. ಯಾವ ಜಿಲ್ಲೆಗೂ ಅವು ಅಂಚಿನವು. ಬಳ್ಳಾರಿ ದೂರ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯೊಡನೆ ಈ ಐದೂ ಕೂಡಿ ಒಂದು ಮನೆಯಾದವು. ಜಿಲ್ಲೆಯ ಆರು ತಾಲೂಕುಗಳಲ್ಲಿ ಐದು ಇವೇ. ಆದರೂ ಪಂದ್ಯದ ಸೈಕಲ್ಲಿನ ವಿದ್ಯೆ ಕಲಿಯಬೇಕೆಂದರೆ ಹುಡುಗನು ತುಂಗಭದ್ರೆಯನ್ನು ದಾಟಿ ಗದಗು, ಬಾಗಲಕೋಟೆ, ವಿಜಯಪುರಗಳ ದಾರಿ ಹಿಡಿಯಬೇಕು. ಹಾದಿ ಬಲ್ಲವರಿದ್ದರೆ ಹಿಡಿದಾನು. ಇಲ್ಲದಿದ್ದರೆ ಹದಿನೆಂಟನೆಯ ವಯಸ್ಸಿಗೆ ಬೆಂಗಳೂರಿಗೆ ಹೋಗಿ, ಅದೇ ಗಟ್ಟಿಮುಟ್ಟಾದ ಕಾಲುಗಳಿಂದ ಮೋಟಾರುಬೈಕನ್ನು ಒದ್ದು, ಮನೆ ಮನೆಗೆ ಊಟದ ಗಂಟು ಮುಟ್ಟಿಸಿಯಾನು. ಕೊಪ್ಪಿಯೂ ಗಂಟು ಮುಟ್ಟಿಸಿದವನೇ. ಆದರೆ ಅವನನ್ನು ಗುರುತಿಸುವವರು ಅಲ್ಲಿ ಇದ್ದರು.

ಖರ್ಚಿನ ಮಾತು ಬಂದೇ ಬರುವದು. ಮನೆಯಲ್ಲಿ ಬಳಸುವ ಸಾದಾ ಸೈಕಲ್ಲು ಸುಮಾರು 20 ಕಿಲೋ ತೂಗುವದು. ಪಂದ್ಯದ್ದು ಏಳೆಂಟು ಕಿಲೋ. ವಿಶ್ವ ಸೈಕಲ್ ಸಂಸ್ಥೆಯ ನಿಯಮದಂತೆ 6.8 ಕಿಲೋಗಿಂತ ಹಗುರವಾದುದನ್ನು ಶರ್ಯತ್ತಿಗೆ ಬಿಡರು. ಹಗುರಾದಷ್ಟೂ ಬೆಲೆ ಭಾರ. ಒಳ್ಳೆಯದೊಂದಕ್ಕೆ ಲಕ್ಷದ ಲೆಕ್ಕದಲ್ಲಿಯೇ ಎಣಿಸಬೇಕು. ಒಂದು ಜೊತೆ ಎತ್ತಿನ ಬೆಲೆ! ಆದುದರಿಂದ ಇದು ಶ್ರೀಮಂತರ ಆಟವೆಂದು ಕೈತೊಳೆದುಕೊಳ್ಳುವವರು ಬಹಳ. ‘ಹವ್ಯಾಸಿ’ ಎಂಬ ಶಬ್ದದ ಚರಿತ್ರೆಯೂ ಅವರ ಪರವಾಗಿಯೇ ಇದೆ. ಹಣಕ್ಕಾಗಿಯಲ್ಲದೆ ಪ್ರೀತಿಗಾಗಿ ಆಡುವವನೆಂದು ಅದಕ್ಕೆ ಚೆಂದದ ಅರ್ಥ ಹೇಳುವರಾದರೂ, ಇಂಗ್ಲಂಡಿನಲ್ಲಿ 1879ರ ಹೆನ್ಲಿಯ ದೋಣಿಪಂದ್ಯದ ನಿಯಮಾವಳಿಯು ಕೈಕೆಲಸದವನು, ಕೂಲಿಕಾರನು, ಕುಶಲಕರ್ಮಿಯು ಹವ್ಯಾಸಿಯಾಗಲಾರನೆಂದು ಸ್ಪಷ್ಟವಾಗಿಯೇ ಬರೆದಿಟ್ಟಿತ್ತು. ದುಡಿದು ತಿನ್ನುವವನ ತೋಳಿನೊಡನೆ ಕೂತು ತಿನ್ನುವವನ ತೋಳು ಸೆಣಸಲಾರದೆಂಬ ಭಯವೇ ಅದರ ಮೂಲ. ಆ ಬೇಲಿಯು ಜಗತ್ತಿನಲ್ಲಿ ಕಿತ್ತುಹೋಗಿ ಬಹಳ ಕಾಲವಾಯಿತು. 1996ರಿಂದ ಒಲಿಂಪಿಕ್ ದಾರಿ ಶರ್ಯತ್ತಿನಲ್ಲಿ ಸಂಬಳದ ಸವಾರನೂ ಇಳಿಯುವನು. ನಮ್ಮಲ್ಲಿ ನಿಯಮದ ಬೇಲಿ ಎಂದೂ ಇರಲಿಲ್ಲ, ಬೆಲೆಯ ಬೇಲಿ ಇದೆ. ಅದು ನಿಯಮಕ್ಕಿಂತ ಎತ್ತರ.

ಆದರೆ ನಾವು ಕೇಳುವದು: ಲಕ್ಷದ ಸೈಕಲ್ಲು ಮೊದಲ ದಿನಕ್ಕೇ ಏತಕ್ಕೆ ಬೇಕು? ಗರಡಿಮನೆಯಲ್ಲಿ ಹುಡುಗನಿಗೆ ಮೊದಲು ದಂಡೆ ಬೈಠಕ್ಕು ಹಾಕಿಸುವರೇ ಹೊರತು ಬೆಳ್ಳಿಯ ಗದೆ ಕೊಡುವದಿಲ್ಲ. 2006–07ರಿಂದ ನಮ್ಮ ಸರಕಾರವು 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ಕೊರೋನಾ ಕಾಲದಲ್ಲಿ ಆ ಹಂಚಿಕೆ ನಿಂತಿತು. ಹಂಚಿದ ಸೈಕಲ್ಲುಗಳ ಬೆಸುಗೆಯ ಬಗ್ಗೆ, ಟೈರಿನ ಬಗ್ಗೆ ಜನರು ಆಡಿದ ಮಾತುಗಳನ್ನು ನಾವೂ ಕೇಳಿದ್ದೇವೆ. ಆದರೂ ಹತ್ತಾರು ವರುಷ ಸಾವಿರಾರು ಹಳ್ಳಿಯ ಹುಡುಗಿಯರು ಮೊದಲ ಸಲ ತಮ್ಮದೆಂಬ ಗಾಲಿಯ ಮೇಲೆ ಕುಳಿತದ್ದು ಆ ಯೋಜನೆಯಿಂದ. ಅದು ಮಕ್ಕಳನ್ನು ಶಾಲೆಗೆ ತಂದಿತು. ಅದೇ ಸೈಕಲ್ಲಿನ ಮೇಲೆ ಅವರಲ್ಲಿ ಯಾರು ಎಷ್ಟು ವೇಗದವರೆಂದು ಒಂದು ದಿನವಾದರೂ ಗಡಿಯಾರ ಹಿಡಿದು ನೋಡಿದ ಶಾಲೆಗಳೆಷ್ಟು?

ಇನ್ನು ಅಪಾಯದ ಮಾತು. ಇದನ್ನು ಮರೆಮಾಚಿ ಹುಡುಗರನ್ನು ಹುರಿದುಂಬಿಸುವದು ಪಾಪ. ಕೂಡ್ಲಿಗಿಯ ಮೇಲೆ ಹಾಯುವ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯಲ್ಲಿ ಲಾರಿಗಳ ಓಡಾಟಕ್ಕೆ ಹಗಲು ರಾತ್ರಿಗಳ ಭೇದವಿಲ್ಲ. ಅಲ್ಲಿ ಎಳೆಯ ಹುಡುಗನನ್ನು ತಾಲೀಮಿಗೆ ಬಿಡಲೇಬಾರದು. ತಾಲೂಕು ತಾಲೂಕುಗಳ ನಡುವಿನ ಒಳದಾರಿಗಳು ಶಾಂತವಾಗಿವೆ, ಆದರೆ ಅವುಗಳಿಗೆ ಅವುಗಳದೇ ಕಾಟ. ಸುಗ್ಗಿಯ ಕಾಲದಲ್ಲಿ ನಮ್ಮ ರೈತರು ಹುರುಳಿ, ರಾಗಿ, ಸಜ್ಜೆ, ನವಣೆಗಳನ್ನು ಡಾಂಬರದ ಮೇಲೆ ಹರವಿ ಹೋಗಿಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವರು. ಮೊದಲು ಊರಿಗೊಂದು ಕಣವಿತ್ತು, ಕಲ್ಲುಗುಂಡು ಇತ್ತು, ಎತ್ತುಗಳಿದ್ದವು; ಇವು ಮೂರೂ ಹೋದ ಮೇಲೆ ಬಡವನು ಮಾಡುವದೇನು? ಆದರೆ ಒಣಗಿದ ಹುರುಳಿಯ ಬಳ್ಳಿ ಸೈಕಲ್ಲಿನ ಚೈನಿಗೆ ಸುತ್ತಿಕೊಂಡರೆ, ಕಾಳಿನ ಮೇಲೆ ತೆಳ್ಳನೆಯ ಟೈರು ಜಾರಿದರೆ ಸವಾರನ ಕೊರಳೆಲುಬು ಉಳಿಯದು. ಬಳಿಕ ಬೇಲಿಯಿಂದ ಬಿದ್ದ ಜಾಲಿಮುಳ್ಳು. ಬಳಿಕ ಊರ ಬಾಗಿಲಿಗೊಂದು ಬಣ್ಣ ಬಳಿಯದ ಉಬ್ಬು. ತಲೆಗೆ ಶಿರಸ್ತ್ರಾಣವಿಲ್ಲದೆ ಯಾರನ್ನೂ ಓಡಿಸಕೂಡದು. ಐರೋಪ್ಯರೂ ಈ ಮಾತನ್ನು ಬಹುಕಾಲ ಕೇಳಿರಲಿಲ್ಲ. 2003ರಲ್ಲಿ ಪ್ಯಾರಿಸ್–ನೀಸ್ ಶರ್ಯತ್ತಿನಲ್ಲಿ ಆಂದ್ರೇ ಕಿವಿಲೆವ್ ಎಂಬ ಕಜಾಕಸ್ತಾನದ ಸವಾರನು ಬರಿತಲೆಯಲ್ಲಿ ಬಿದ್ದು ಸತ್ತ ಮೇಲೆಯೇ ಅದು ಕಡ್ಡಾಯವಾಯಿತು. ನಾವು ಒಬ್ಬ ಹುಡುಗನನ್ನು ಕಳೆದುಕೊಂಡು ಆ ಪಾಠ ಕಲಿಯಬೇಕಾಗಿಲ್ಲ.

ಈಗ ಮಾಡತಕ್ಕ ಕೆಲಸವೇನು? ಒಂದು ನಕ್ಷೆ ಬಿಡಿಸಿ ನೋಡಿರಿ. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಅಲ್ಲಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಪಡುವಣಕ್ಕೆ ಹಡಗಲಿ, ಅಲ್ಲಿಂದ ತೆಂಕಣಕ್ಕೆ ಹರಪನಹಳ್ಳಿ, ಮತ್ತೆ ಮೂಡಣಕ್ಕೆ ಕೊಟ್ಟೂರು, ಮರಳಿ ಕೂಡ್ಲಿಗಿ. ಒಟ್ಟು ಸುಮಾರು 160–170 ಕಿಲೋಮೀಟರು. ದೊಡ್ಡವರ ರಾಷ್ಟ್ರೀಯ ಶರ್ಯತ್ತಿಗೆ ಸಾಲುವಷ್ಟು ಉದ್ದದ ಸುತ್ತು ನಮ್ಮ ಮನೆಯ ಅಂಗಳದಲ್ಲಿಯೇ ಇದೆ! ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮವನ್ನಿಟ್ಟು ಕಟ್ಟಿದ ಸ್ಮಾರಕವಿದೆ. ಅಕ್ಟೋಬರ 2 ಮಹಾತ್ಮರು ಹುಟ್ಟಿದ ದಿನ. 2021ರಲ್ಲಿ ವಿಜಯನಗರ ಜಿಲ್ಲೆಯ ಉದ್ಘಾಟನೆಯಾದ ದಿನವೂ ಅದೇ. ಆ ಸ್ಮಾರಕದ ಮುಂದಿನಿಂದ, ಆ ದಿನ ಬೆಳಿಗ್ಗೆ, ಐದು ತಾಲೂಕುಗಳ ಸುತ್ತಿನ ಶರ್ಯತ್ತು ಹೊರಡಲಿ. ಮುಂಗಾರಿನ ಗಾಳಿ ಇಳಿದಿರುವದು, ಒಕ್ಕಣೆ ದಾರಿಗೆ ಇನ್ನೂ ಬಂದಿರುವದಿಲ್ಲ.

ಇಂಥ ದೊಡ್ಡ ಕೂಟಕ್ಕೆ ಜನಬೆಂಬಲ ಎಲ್ಲಿಂದ ಎಂದು ಯಾರಾದರೂ ಕೇಳಿದರೆ, ಅವರು ಕೊಟ್ಟೂರ ತೇರಿಗೆ ಬರುವ ಪಾದಯಾತ್ರೆಯನ್ನು ಕಂಡಿಲ್ಲವೆಂದೇ ಹೇಳಬೇಕು. ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಸಾವಿರಾರು ಭಕ್ತರು ಬರಿಗಾಲಲ್ಲಿ ನಡೆದು ಬರುವಾಗ ದಾರಿಯುದ್ದಕ್ಕೂ ಹಳ್ಳಿಯವರು ಚಪ್ಪರ ಹಾಕಿ ನೀರು, ಮಜ್ಜಿಗೆ, ಉಪ್ಪಿಟ್ಟು, ಬಾಳೆಹಣ್ಣುಗಳನ್ನು ಕೈಗೆ ಇಡುವರು. ಕಾಲು ಬೊಬ್ಬೆಯೆದ್ದವನಿಗೆ ಎಣ್ಣೆ ತಿಕ್ಕುವರು. ಐರೋಪ್ಯ ಶರ್ಯತ್ತುಗಳಲ್ಲಿ ಸವಾರನಿಗೆ ಓಡುತ್ತಿರುವಾಗಲೇ ಚೀಲದಲ್ಲಿ ತಿನಿಸು ಕೊಡುವದಕ್ಕೆ ಆಳುಗಳನ್ನು ನೇಮಿಸುವರು. ನಮ್ಮಲ್ಲಿ ನೇಮಕ ಬೇಕಾಗಿಲ್ಲ. ಬೆಲ್ಲ ಕೊಬ್ಬರಿಯ ಉಂಡೆಯೂ ನಿಂಬೆಹಣ್ಣಿನ ಪಾನಕವೂ ಯಾವ ಪರದೇಶದ ಪೊಟ್ಟಣಕ್ಕೂ ಕಡಿಮೆಯಲ್ಲ. ಮೈಲಾರದ ಕಾರಣಿಕದ ಒಂದು ವಾಕ್ಯವನ್ನು ಕೇಳಲು ಲಕ್ಷ ಜನ ಉಸಿರು ಬಿಗಿಹಿಡಿದು ನಿಲ್ಲುವ ನಾಡಿದು. ಶರ್ಯತ್ತಿನ ಕೊನೆಯ ಗೆರೆಯ ಬಳಿ ಜನರಿಲ್ಲದೆ ಹೋದೀತೆ?

ಆದರೆ ಸುತ್ತಿನ ಶರ್ಯತ್ತು ವರುಷಕ್ಕೊಮ್ಮೆಯ ಹಬ್ಬ. ಅದಕ್ಕೆ ಪೋಲೀಸರು, ವೈದ್ಯರು, ವಾಹನಗಳು, ಹಣ ಎಲ್ಲವೂ ಬೇಕು. ಜಿಲ್ಲಾಡಳಿತವು ಮನಸ್ಸು ಮಾಡಬೇಕು. ಅದಕ್ಕಾಗಿ ಕಾಯದೆ ನಾಳೆಯೇ ಮಾಡಬಹುದಾದ ಕೆಲಸವು ಬೇರೆ ಇದೆ. ಪ್ರತಿಯೊಂದು ಹೈಸ್ಕೂಲಿನ ವ್ಯಾಯಾಮ ಶಿಕ್ಷಕರು ಊರ ಹೊರಗೆ, ಗಾಡಿಗಳ ಓಡಾಟ ಕಡಿಮೆಯಿರುವ ಒಂದು ಒಳದಾರಿಯನ್ನು ಆರಿಸಿಕೊಳ್ಳಲಿ. 5 ಕಿಲೋಮೀಟರಿನ ಕಲ್ಲಿನವರೆಗೆ ಹೋಗಿ ತಿರುಗಿ ಬಂದರೆ 10 ಕಿಲೋಮೀಟರು. ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗೆ ಬರುವದರಿಂದ ಲೆಕ್ಕ ಬಹುಮಟ್ಟಿಗೆ ಸರಿಯಾಗುವದು. ರವಿವಾರ ಬೆಳಿಗ್ಗೆ ಆರೂವರೆಗೆ, ಹದಿಮೂರರಿಂದ ಹದಿನಾರು ವರುಷದ ಹುಡುಗ ಹುಡುಗಿಯರನ್ನು ಅವರವರ ಸಾದಾ ಸೈಕಲ್ಲುಗಳ ಮೇಲೆಯೇ, ಬ್ರೇಕುಗಳನ್ನು ಪರೀಕ್ಷಿಸಿ, ತಲೆಗೆ ರಕ್ಷೆ ತೊಡಿಸಿ, ಎರಡೆರಡು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡಲಿ. ತಿರುವಿನ ಕಲ್ಲಿನ ಬಳಿ ಇನ್ನೊಬ್ಬ ಶಿಕ್ಷಕರು ನಿಲ್ಲಲಿ. ಹಿಂದೆ ಒಂದು ಮೋಟಾರುಬೈಕಿನ ಮೇಲೆ ಮೂರನೆಯವರು ಬರಲಿ. ಬೇಕಾದ ಸಾಧನವು ಕೈಗಡಿಯಾರ, ಒಂದು ನೋಟುಬುಕ್ಕು, ಒಂದು ಪಂಚರು ತಿದ್ದುವ ಡಬ್ಬಿ, ಒಂದು ಪಂಪು.

ತಿಂಗಳಿಗೊಮ್ಮೆ ಹೀಗೆ ಮಾಡಿದರೆ ವರುಷದೊಳಗೆ ಆ ನೋಟುಬುಕ್ಕಿನಲ್ಲಿ ಕೆಲವು ಹೆಸರುಗಳು ತಾವಾಗಿಯೇ ಮೇಲಕ್ಕೆ ಬರುವವು. ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡುಗಳ ಸಮೇತ 20 ಕಿಲೋ ತೂಗುವ ಸೈಕಲ್ಲಿನ ಮೇಲೆ ಆ 10 ಕಿಲೋಮೀಟರನ್ನು 20 ನಿಮಿಷದೊಳಗೆ ಮುಗಿಸಿದ ಹುಡುಗನಿದ್ದರೆ, ಅಥವಾ 23 ನಿಮಿಷದೊಳಗೆ ಮುಗಿಸಿದ ಹುಡುಗಿಯಿದ್ದರೆ, ಮುಖ್ಯೋಪಾಧ್ಯಾಯರು ಅದೇ ದಿನ ಆ ಮಗುವಿನ ತಂದೆತಾಯಿಗಳನ್ನು ಕರೆಯಿಸಿ ಕೂಡಿಸಿ ಮಾತಾಡಲಿ. ಕ್ರೀಡಾ ವಸತಿಗೃಹಗಳ ಆಯ್ಕೆ ಯಾವ ತಿಂಗಳು, ಯಾವ ಊರಿನಲ್ಲಿ, ಯಾವ ಕಾಗದಪತ್ರಗಳು ಬೇಕು ಎಂಬುದನ್ನು ಜಿಲ್ಲಾ ಕ್ರೀಡಾ ಇಲಾಖೆಗೆ ಬರೆದು ತರಿಸಿಕೊಳ್ಳಲಿ. ಆಯ್ಕೆಯ ದಿನ ಮಗುವಿನ ಜೊತೆಗೆ ಶಾಲೆಯಿಂದ ಒಬ್ಬರು ಬಸ್ಸು ಹತ್ತಲಿ. ಬಸ್ಸಿನ ಖರ್ಚಿಗೆ ಊರಿನ ವರ್ತಕರು ಇದ್ದಾರೆ.